ಮೆಡಿಕಲ್ ರಜೆಯೂ ಮಸ್ಕತ್ತಿನ ವಿಮೆಯೂ

ಸುಳ್ಳು ಹೇಳುವವನಿಗೆ ನೆನಪಿನ ಶಕ್ತಿ ಬೇಕೆನ್ನುತ್ತಾರೆ. ಸರ್ಕಾರಿ ನೌಕರನಿಗೆ ಆ ಕಷ್ಟವಿಲ್ಲ. ಅವನ ಸುಳ್ಳುಗಳನ್ನು ಕಚೇರಿಯೇ ನೆನಪಿಟ್ಟುಕೊಳ್ಳುತ್ತದೆ. ಕೊಟ್ಟೂರಿನ ಹತ್ತಿರದ ಹೈಸ್ಕೂಲೊಂದರಲ್ಲಿ ಗಣಿತ ಹೇಳುತ್ತಿದ್ದ ನಾನು ಇದನ್ನು ಕಲಿತದ್ದು ತಡವಾಗಿ. ನನ್ನ ಹೆಂಡತಿ ಶಾಂತಾ ನರ್ಸ್. ಅವಳಿಗೆ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಗಂಡನನ್ನೂ ಮಗಳನ್ನೂ ಕರೆತರಬಹುದು, ಆದರೆ ಮೂವರಿಗೂ ಆರೋಗ್ಯ ವಿಮೆ ಆಗಿರಬೇಕು ಎಂದು ಪತ್ರ ಬಂತು. ವಿಮೆ ಸಿಗದವರು ಊರಲ್ಲೇ ಇರತಕ್ಕದ್ದು. ನನಗೇನೂ ಚಿಂತೆಯಿರಲಿಲ್ಲ. ನಾನು ಉಣ್ಣುವುದನ್ನು ಕಂಡ ಯಾರೂ ನನ್ನನ್ನು ರೋಗಿ ಎಂದವರಲ್ಲ.

ಆದರೆ ಹತ್ತು ವರ್ಷಗಳಲ್ಲಿ ಕಾಯಿಲೆಗೆಂದು ಹಾಕಿದ ರಜೆಗಳ ವಿವರವನ್ನು, ಶಾಲೆಯ ಮೊಹರಿನೊಂದಿಗೆ, ವಿಮೆಯವರು ಕೇಳಿದ್ದರು. ಇಲ್ಲಿ ಓದುಗರಿಗೊಂದು ಗುಟ್ಟು ಹೇಳಬೇಕು. ನಮ್ಮಲ್ಲಿ ಮೇಷ್ಟರಿಗೆ ಸಾಂದರ್ಭಿಕ ರಜೆ ಮುಗಿದ ಮೇಲೆ ಕಾಯಿಲೆ ಶುರುವಾಗುತ್ತದೆ. ಗುಡೇಕೋಟೆಯ ಮಾವನ ಹೊಲದಲ್ಲಿ ಶೇಂಗಾ ಕೀಳುವ ಕಾಲಕ್ಕೆ ನನ್ನ ಬೆನ್ನುಮೂಳೆ ಸವೆಯುತ್ತಿತ್ತು. ಹರಪನಹಳ್ಳಿಯಲ್ಲಿ ತಂಗಿಯ ಮದುವೆಗೆ ಟೈಫಾಯ್ಡ್ ಬಂದಿತ್ತು. ಆ ವಾರ ಪಂಕ್ತಿಗೆಲ್ಲ ಹೋಳಿಗೆ ಬಡಿಸಿ, ಕೊನೆಗೆ ಕೂತು ಎಂಟು ಹೋಳಿಗೆ ಉಂಡವನು ನಾನೇ. ಮನೆಗೆ ತಳಪಾಯ ಹಾಕಿಸುವಾಗ ಕಾಮಾಲೆ, ಆರ್‌ಸಿಸಿ ಹಾಕಿಸುವಾಗ ಎದೆನೋವು. ಒಂದೇ ರೋಗ ಮತ್ತೆ ಮತ್ತೆ ಬಂದರೆ ಅನುಮಾನ ಬರುತ್ತದೆಂದು ನಮ್ಮೂರ ಡಾಕ್ಟರು ಪ್ರೀತಿಯಿಂದ ಬದಲಿಸಿ ಬದಲಿಸಿ ಬರೆದುಕೊಟ್ಟಿದ್ದರು.

ಶಾಲೆಯ ಗುಮಾಸ್ತ ಬಸಣ್ಣ ಅಷ್ಟನ್ನೂ ಮುತ್ತಿನಂಥ ಅಕ್ಷರದಲ್ಲಿ ಪಟ್ಟಿ ಮಾಡಿದ. ಎದೆನೋವನ್ನಾದರೂ ಬಿಡೋ ತಂದೆ ಎಂದು ಬೇಡಿಕೊಂಡೆ.

"ಬಿಡಾಕ ಬರಂಗಿಲ್ರಿ ಸರ, ಫೈಲಿನಾಗ ಸರ್ಟಿಫಿಕೇಟ್ ಐತಿ" ಎಂದ.

ಡಾಕ್ಟರ ಬಳಿಗೆ ಓಡಿದೆ. ನಾನು ಗಟ್ಟಿಮುಟ್ಟಾಗಿದ್ದೇನೆಂದು ಬರೆದುಕೊಡಿ ಎಂದರೆ ಅವರು ಪಟ್ಟಿಯನ್ನೇ ನೋಡುತ್ತ ಕೂತರು. ಅಷ್ಟೆಲ್ಲ ರೋಗ ನಿಜವಾದರೆ ನಾನು ಬದುಕಿರಬಾರದು, ಸುಳ್ಳಾದರೆ ಅವರು ಡಾಕ್ಟರಾಗಿರಬಾರದು. ಕಡೆಗೆ, ದಾವಣಗೆರೆಯಲ್ಲಿ ಎಲ್ಲ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಎಲ್ಲ ವಾಸಿಯಾಗಿದೆ ಎಂದು ಬರೆಯೋಣ ಎಂದರು. ಮನೆಗೆ ಬಂದರೆ ಮಗಳು ಅಟ್ಟದಿಂದ ಎರಡೇ ಸೂಟ್‌ಕೇಸು ಇಳಿಸಿದ್ದಳು. ಅದನ್ನು ಕಂಡು ನನಗೆ ನಿಜವಾಗಿಯೂ ಎದೆ ನೊಂದಿತು. ಇವರಿಬ್ಬರೂ ಹೋದ ಮನೆಯಲ್ಲಿ ನಾನೊಬ್ಬನೇ ಉಳಿಯುವುದನ್ನು ನೆನೆದು ಹೆದರಿದೆ. ಆ ನೋವಿಗೆ ಮಾತ್ರ ಸರ್ಟಿಫಿಕೇಟ್ ಇರಲಿಲ್ಲ.

ದಾವಣಗೆರೆಯ ವರದಿಯನ್ನು ಶಾಂತಾಳೇ ಓದಿದಳು. ಬೆನ್ನುಮೂಳೆ ನೆಟ್ಟಗಿತ್ತು, ಲಿವರ್ ಚೊಕ್ಕವಾಗಿತ್ತು, ಹೃದಯಕ್ಕೆ ಯಾವ ದೋಷವೂ ಇರಲಿಲ್ಲ. ನಾನು ಮೀಸೆ ಸವರಿಕೊಳ್ಳುವಷ್ಟರಲ್ಲಿ ಅವಳು ಕೊನೆಯ ಹಾಳೆಯಲ್ಲಿ ನಿಂತಳು.

"ಸಕ್ಕರಿ ಕಾಯಿಲಿ ಐತ್ರಿ ನಿಮಗ" ಎಂದಳು. "ಇದಕ್ಕ ಒಂದಿನಾನೂ ರಜಾ ಹಾಕಿಲ್ಲಲ್ರಿ."

ವಿಮೆಯವರು ದೊಡ್ಡ ಮನಸ್ಸಿನವರು. ಸಕ್ಕರೆ ಕಾಯಿಲೆಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಒಪ್ಪಿದರು. ಹೀಗೆ, ನನಗೆ ಎಂದೂ ಬಾರದ ರೋಗಗಳಿಂದ ಸಂಪೂರ್ಣ ರಕ್ಷಣೆ ಪಡೆದು ಹೆಂಡತಿ ಮಗಳೊಂದಿಗೆ ವಿಮಾನ ಹತ್ತಿದೆ. ಇರುವ ಒಂದೇ ರೋಗದ ಮಾತ್ರೆಯನ್ನು ಇಂದಿಗೂ ಸ್ವಂತ ದುಡ್ಡಿನಲ್ಲಿ ನುಂಗುತ್ತಿದ್ದೇನೆ.