ಮೀಟರಿನಲ್ಲಿ ಹದಿನೇಳು ಮರಿ

ಪಂಚಾಕ್ಷರಿ ಮಾವ ಯಂತ್ರದ ಮೇಲೆ ಹೊದಿಸಿದ್ದ ಬೆಡ್‌ಶೀಟನ್ನು ಎಳೆದು ತೆಗೆದಾಗ ಓಣಿಯ ಜನವೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಹೋದ ವರ್ಷ ಇವನು ಮಾಡಿದ ಸೊಳ್ಳೆ ಹಿಡಿಯುವ ಯಂತ್ರ ಸೊಳ್ಳೆ ಬಿಟ್ಟು ನನ್ನ ಅರ್ಧ ಮೀಸೆ ಹಿಡಿದುಕೊಂಡು ಹೋಗಿತ್ತು. ಹರಿಹರದ ಹಳೆ ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ ಹನ್ನೊಂದು ಮನೆ. ಅಷ್ಟರಲ್ಲಿ ನಮ್ಮ ಮನೆಯ ಗೋಡೆಗೇ ಇವನ ಗೋಡೆ ಅಂಟಿಕೊಂಡಿರಬೇಕೆ?

ಮಾವ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದವನು. ನಿವೃತ್ತನಾದ ಮೇಲೆ ಬಿಚ್ಚಲು ಯಂತ್ರಗಳಿಲ್ಲದೆ, ತಾನೇ ಯಂತ್ರಗಳನ್ನು ಹುಟ್ಟಿಸತೊಡಗಿದ. ಈ ಸಲದ್ದು ಕೂಸಿನ ತಳ್ಳುಗಾಡಿಯ ಮೇಲೆ ಕೂತಿತ್ತು. ಕೆಳಗೆ ವಾಷಿಂಗ್ ಮೆಷಿನ್ನಿನ ಮೋಟರು, ಬ್ಯಾಟರಿ. ಹೊಟ್ಟೆಯಲ್ಲಿ ಭಜನೆ ಮನೆಯವರು ಬಿಸಾಕಿದ್ದ ಹಾರ್ಮೋನಿಯಂ. ಮುಂದೆ ಗ್ಯಾಸು ಸೋರಿದರೆ ಕೂಗುವ ಡಬ್ಬಿಯನ್ನು ಬಿಚ್ಚಿ ಮಾಡಿದ ಮೂಗು. ಅದರ ಕೆಳಗೆ ಮರಿಗಳನ್ನು ಎತ್ತಲು ಒಂದು ಇಕ್ಕಳ, ನೆಕ್ಕಲು ಒಂದು ಬೆಚ್ಚನೆಯ ಒದ್ದೆ ಸ್ಪಂಜು. ನೆತ್ತಿಯ ಮೇಲೆ ಹಳೆ ಆಟೋ ಮೀಟರು. ಇಷ್ಟರ ಮೇಲೂ ಒಂದು ಕೌದಿ ಸುತ್ತಿ ಹೊಲಿದಿದ್ದ. ಒಳಗೆ ಹಾರ್ಮೋನಿಯಂ ತಿದಿ ಹಿಗ್ಗಿ ಕುಗ್ಗಿದಾಗ ಕೌದಿಯೂ ಹಿಗ್ಗಿ ಕುಗ್ಗುತ್ತಿತ್ತು. ಮಲಗಿದ ಹೆಂಗಸೊಬ್ಬಳು ಉಸಿರಾಡಿದಂತೆ.

"ಮರಿಗಳ ಹಾಲು ಬಿಡಿಸೋ ಯಂತ್ರ ಇದು," ಎಂದ ಮಾವ. "ಪಿಂಕಿಗೆ ಇನ್ನು ಸಂಕಟ ಇಲ್ಲ. ಕೊಟ್ರನಿಗೆ ಕೆಲ್ಸ ಇಲ್ಲ," ಎಂದು ನನ್ನ ಹೆಗಲು ತಟ್ಟಿದ.

ಪಿಂಕಿ ನನ್ನ ಬಿಳಿ ಪಾಮೇರಿಯನ್ ನಾಯಿ. ಐದು ಮರಿ ಹಾಕಿ ನಾಲ್ಕು ವಾರವಾಗಿತ್ತು. ನಾಲ್ಕು ಮರಿಗಳಿಗೆ ಸೂಜಿಯಂಥ ಹಲ್ಲು ಬಂದು, ಅವು ಹಾಲು ಕುಡಿಯುವ ಬದಲು ಹಾಲಿನ ಜಾಗವನ್ನೇ ಕಡಿಯುತ್ತಿದ್ದವು. ಪಿಂಕಿಯ ಹೊಟ್ಟೆಯ ತುಂಬ ಗೀರು. ಅವಳು ಗುರ್ ಎಂದು ಎದ್ದು ಹೋಗುವಳು, ಅವು ನೇತಾಡಿಕೊಂಡೇ ಹೋಗುವವು. ನಾನು ರಾಗಿ ಗಂಜಿಯನ್ನು ತೆಳ್ಳಗೆ ಕಲಸಿ ತಟ್ಟೆಯಲ್ಲಿಟ್ಟರೆ ಅದರಲ್ಲಿ ನಡೆದಾಡಿ, ಸೀನಿ, ನನ್ನ ಲುಂಗಿಗೆ ಒರೆಸುತ್ತಿದ್ದವು. ಇದನ್ನೆಲ್ಲ ಮಾವನ ಮುಂದೆ ಹೇಳಿಕೊಂಡದ್ದೇ ನನ್ನ ತಪ್ಪು.

ಐದನೆಯದು ಶೇಂಗಾ. ಹೆಸರಿಗೆ ತಕ್ಕ ಗಾತ್ರ. ಅದು ಗಂಜಿಯ ತಟ್ಟೆಯಲ್ಲಿ ನಿದ್ದೆ ಮಾಡುತ್ತಿತ್ತೇ ಹೊರತು ನಾಲಿಗೆ ಹೊರಗೆ ಹಾಕುತ್ತಿರಲಿಲ್ಲ. ಇಂಥ ಸಣ್ಣ ಜಾತಿಯ ಮರಿಗಳಿಗೆ ಹೊತ್ತು ಮೀರುವಂತಿಲ್ಲ. ಎರಡು ಮೂರು ಗಂಟೆ ಹಾಲಿಲ್ಲದಿದ್ದರೆ ಶೇಂಗಾದ ಮೈ ತಣ್ಣಗಾಗಿ ಕತ್ತು ಜೋಲುತ್ತಿತ್ತು. ಆಗ ವಸಡಿಗೆ ಬೆಲ್ಲದ ನೀರು ಸವರಿ, ಅಂಗಿಯೊಳಗೆ ಹಾಕಿಕೊಂಡು ಪಿಂಕಿಯ ಹತ್ತಿರ ಓಡಬೇಕು. ಹೀಗೆ ಮೂರು ಸಲ ಉಳಿಸಿಕೊಂಡಿದ್ದೆ. ಉಳಿದ ನಾಲ್ಕನ್ನು ಬೇಕೆಂದವರು ಮೊದಲೇ ಹೇಳಿಟ್ಟಿದ್ದರು. ಶೇಂಗಾನನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಅದು ನನ್ನದು.

ಅದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡ, ಅದಕ್ಕೆ ಇನ್ನೂ ಹದಿನೈದು ದಿನ ತಾಯಿ ಹಾಲು ಬೇಕು ಎಂದು ಮಾವನಿಗೆ ಹತ್ತು ಸಲ ಹೇಳಿದ್ದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥವನು ಯಂತ್ರದ ವಿಷಯದಲ್ಲಿ ಬಾಯಿ ಹಾಕಬಾರದು ಎಂದಿದ್ದ.

ಬೆಳಿಗ್ಗೆ ಹನ್ನೊಂದಕ್ಕೆ, ಒಳ್ಳೆ ಬಿಸಿಲಿನಲ್ಲಿ, ಮಾವ ಯಂತ್ರ ಚಾಲೂ ಮಾಡಿ, ಸ್ವಿಚ್ಚು, ಬ್ಯಾಟರಿ ಎರಡರ ಮೇಲೂ ತಗಡು ಇಟ್ಟು ವೆಲ್ಡಿಂಗ್ ಮಾಡಿಯೇ ಬಿಟ್ಟ. ಮರಿಗಳು ಸ್ವಿಚ್ಚು ಕಡಿಯುತ್ತವಂತೆ. ಮೂಗು ಸುತ್ತ ತಿರುಗಿ ಮೂಸಿತು. ಮೀಟರು ಟಕಟಕ ಏರಿ ಹದಿನೇಳಕ್ಕೆ ನಿಂತಿತು.

"ಐದಲ್ವ ಮಾವ ಮರಿ?"

"ಲೂಸ್ ಕಾಂಟ್ಯಾಕ್ಟು," ಎಂದು ಮಾವ ಅದರ ತಲೆಗೆ ಒಂದು ಬಿಟ್ಟ. ಹದಿನೇಳೇ ಇತ್ತು.

ಆಮೇಲೆ ಹಾರ್ಮೋನಿಯಂ ಒಂದು ಸ್ವರ ಹಿಡಿಯಿತು. ಕಿವಿಗೆ ಕೇಳುವಂಥದ್ದಲ್ಲ. ನನ್ನ ದವಡೆ ಹಲ್ಲುಗಳಿಗೆ ಮಾತ್ರ ಗೊತ್ತಾಯಿತು. ಮಲಗಿ ಹಾಲುಣಿಸುತ್ತಿದ್ದ ಪಿಂಕಿ ಕಿವಿ ನೆಟ್ಟಗೆ ಮಾಡಿ ಎದ್ದಳು. ಮರಿಗಳು ಪಟಪಟ ಕೆಳಗೆ ಉದುರಿದವು. ಅವಳು ಹಿಂದಿರುಗಿ ನೋಡದೆ ಓಣಿಯ ತುದಿಗೆ ನಡೆದು, ಹೊಳೆಯ ಕಡೆ ಮುಖ ಮಾಡಿ ನಿಂತಳು. ಯಂತ್ರ ನಾಲ್ಕು ಮರಿಗಳನ್ನೂ ಕತ್ತಿನ ತೊಗಲು ಹಿಡಿದೆತ್ತಿ ಅಂಗಡಿ ಹಿಟ್ಟಿನ ಗಂಜಿಯ ತಟ್ಟೆಯ ಮುಂದೆ ಇಟ್ಟಿತು. ಕಾಲು ಗಂಟೆಯಲ್ಲಿ ತಟ್ಟೆ ಖಾಲಿ. ಮೀಟರು ಹದಿಮೂರಕ್ಕೆ ಇಳಿಯಿತು. ಮತ್ತೆ ಚಪ್ಪಾಳೆ.

ಶೇಂಗಾ ಗಂಜಿಯಲ್ಲಿ ಮೂತಿ ಊರಿ ಮಲಗಿತ್ತು. ನಾನು ಅದನ್ನು ಎತ್ತಿಕೊಂಡು ಪಿಂಕಿಯ ಹತ್ತಿರ ಹೋದೆ. ಅವಳು ಮೂರು ಹೆಜ್ಜೆ ಆಚೆ ಹೋಗಿ ನಿಂತಳು. ಮತ್ತೆ ಹೋದೆ. ಮತ್ತೆ ಮೂರು ಹೆಜ್ಜೆ. ಕಣ್ಣು ತೆರೆದೇ ಇತ್ತು. ಆದರೆ ಅದರಲ್ಲಿ ನಾನಿರಲಿಲ್ಲ.

ಮಾವನನ್ನು ಬೈದು, ಶೇಂಗಾನನ್ನು ಅಂಗಿಯೊಳಗೆ ಇಟ್ಟುಕೊಂಡು, ಉಂಡು ಬಂದು ಆ ತಗಡನ್ನು ಕೊಯ್ಯುತ್ತೇನೆ ಎಂದು ಮನೆಗೆ ಹೋದೆ. ಅವ್ವ ನನ್ನ ತಟ್ಟೆಗೆ ರೊಟ್ಟಿ ಹಾಕಲು ಕೈ ಚಾಚಿದಳು. ಕೈ ಅಲ್ಲೇ ನಿಂತಿತು. ನನ್ನ ಹಲ್ಲು ಜುಮ್ಮೆಂದಿತು. ಅವ್ವ ತಲೆಯನ್ನು ಸ್ವಲ್ಪ ಓರೆ ಮಾಡಿ ಏನನ್ನೋ ಕೇಳಿಸಿಕೊಂಡು, ರೊಟ್ಟಿ ಹಿಡಿದುಕೊಂಡೇ ಎದ್ದು ಹೊರಗೆ ಹೋದಳು. "ಅವ್ವಾ, ರೊಟ್ಟಿ," ಎಂದೆ. ತಿರುಗಲಿಲ್ಲ.

ಬಾಗಿಲಿಗೆ ಬಂದು ನೋಡಿದರೆ, ಹನ್ನೊಂದು ಮನೆಯಿಂದ ಹನ್ನೊಂದು ತಾಯಂದಿರು ಹೊರಬೀಳುತ್ತಿದ್ದರು. ಒಬ್ಬರ ಕೈಯಲ್ಲಿ ಸೌಟು, ಒಬ್ಬರ ಕೈಯಲ್ಲಿ ಒಗ್ಗರಣೆ ಹುಟ್ಟು. ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಎಲ್ಲರೂ ಪಿಂಕಿಯ ಪಕ್ಕದಲ್ಲಿ ಸಾಲಾಗಿ, ಹೊಳೆಯ ಕಡೆ ಮುಖ ಮಾಡಿ ನಿಂತರು. ಎಂಬತ್ತನಾಲ್ಕು ವರ್ಷದ ನೀಲಮ್ಮಜ್ಜಿ, ಅಂದರೆ ಪಂಚಾಕ್ಷರಿ ಮಾವನ ತಾಯಿ, ಕೋಲಿಲ್ಲದೆ ನಡೆದು ಬಂದು ಕೊನೆಗೆ ನಿಂತಳು. ಭಾನುವಾರದ ಮಧ್ಯಾಹ್ನ ನಮ್ಮ ಓಣಿಯಲ್ಲಿ ಒಂದೂ ಕುಕ್ಕರ್ ಕೂಗದೆ ಇದ್ದದ್ದು ಅದೇ ಮೊದಲು. ಆ ಸದ್ದಿಲ್ಲದ ಓಣಿಯಲ್ಲಿ ಯಂತ್ರದ ಉಸಿರು ಮಾತ್ರ. ಹುಸ್. ಹುಸ್.

"ಏನು ಮಾಡಿದ್ದೀ ಮಾವ?"

ಮಾವ ತಲೆ ಕೆರೆದುಕೊಂಡು ವಿವರಿಸಿದ. ಯಂತ್ರಕ್ಕೆ ಕಲಿಸಿದ್ದು ಮೂರೇ ವಿಷಯ. ಹೊದಿಸಿದ ಬಟ್ಟೆಯ ವಾಸನೆ ಯಾರದ್ದೋ ಅವಳು ತಾಯಿ. ಆ ವಾಸನೆ ಯಾರ ಮೈಮೇಲೆ ಇದೆಯೋ ಅದು ಮರಿ. ತಾಯಿ ವಾಸನೆ ಇಲ್ಲದ ಕೂಳನ್ನು ಮರಿ ತಾನೇ ಉಣ್ಣುವವರೆಗೆ ತಾಯಿ ಹತ್ತಿರ ಬರಬಾರದು. ಪಿಂಕಿಯ ಹಾಸಿಗೆ ಬಟ್ಟೆ ಕೊಡು ಎಂದು ನನ್ನನ್ನು ಕೇಳಿದ್ದ. ನಾನು ಕೌದಿ ಕೊಟ್ಟಿದ್ದೆ.

ಇಬ್ಬರೂ ಕೌದಿಯನ್ನು ನೋಡಿದೆವು. ಅದನ್ನು ಹೊಲಿದವಳು ನೀಲಮ್ಮಜ್ಜಿ. ಓಣಿಯ ಮನೆಮನೆಯಿಂದ ಹಳೆ ಸೀರೆ ಇಸಿದುಕೊಂಡು, ನಾನು ಹುಟ್ಟಿದಾಗ ನಮ್ಮವ್ವನಿಗೆ ಕೊಟ್ಟದ್ದು. ಅಂಚಿನಲ್ಲಿ ಅವ್ವನ ಹಸಿರು ಸೀರೆಯ ತುಂಡು. ನಡುವೆ ಅಜ್ಜಿಯ ಇಳಕಲ್ ಸೀರೆಯ ಸೆರಗು. ಪಿಂಕಿ ಅದರ ಮೇಲೆ ಮಲಗಿದ್ದು ಬರೀ ಒಂದು ತಿಂಗಳು.

"ಕೌದಿ ಕೊಟ್ಟೋನು ನೀನು," ಎಂದ ಮಾವ.

"ಹೊದಿಸಿದೋನು ನೀನು. ನಿಮ್ಮವ್ವ ಹೊಲಿದ ಕೌದಿ ನಿಂಗೇ ಗುರ್ತು ಸಿಗಲಿಲ್ಲ."

ಅಷ್ಟರಲ್ಲಿ ಯಂತ್ರ ಗಾಲಿ ಉರುಳಿಸಿಕೊಂಡು ಶಿವಯೋಗಿ ಮೇಷ್ಟ್ರ ಮನೆಗೆ ನುಗ್ಗಿತು. ಮೇಷ್ಟ್ರಿಗೆ ಐವತ್ತೊಂದು ವರ್ಷ. ಅವರ ತಾಯಿ ಇನ್ನೂ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೊಡುತ್ತಿದ್ದರು. ಮೇಷ್ಟ್ರ ಅರಚಾಟ ಕೇಳಿ ನಾವು ಓಡಿದೆವು. ಯಂತ್ರ ಅವರ ಅಂಗಿಯ ಕಾಲರನ್ನು ಇಕ್ಕಳದಲ್ಲಿ ಹಿಡಿದೆತ್ತಿ, ಒದ್ದೆ ಸ್ಪಂಜಿನಿಂದ ಮುಖ ನೆಕ್ಕುತ್ತಿತ್ತು. ಆಮೇಲೆ ನಿಧಾನವಾಗಿ, ಬಹಳ ಮಮತೆಯಿಂದ, ಅವರನ್ನು ಒಲೆಯ ಮುಂದೆ ಇಟ್ಟಿತು.

ಓಣಿಯ ಹೆಣ್ಣುಮಕ್ಕಳನ್ನು ಅದು ಒಂದು ಸಲ ಮೂಸಿ ಬಿಟ್ಟುಬಿಟ್ಟಿತು. ಅವರೆಲ್ಲ ಹತ್ತು ವರ್ಷಕ್ಕೇ ಮಾಡಿಕೊಂಡು ಉಣ್ಣುತ್ತಿದ್ದರು. ಗಂಡುಮಕ್ಕಳು ಹನ್ನೆರಡು ಜನ. ಮರಿಗಳು ಐದು. ಮೀಟರು ಮೊದಲಿನಿಂದಲೂ ಸರಿಯಾಗೇ ಹೇಳಿತ್ತು.

ನನಗೆ ನೆತ್ತಿಗೆ ಸಿಟ್ಟೇರಿತು. ಓಡಿ ಬಂದು ಕೌದಿಗೆ ಕೈ ಹಾಕಿ ಪರ್ರನೆ ಎಳೆದೆ. ಕೌದಿಯ ಕೆಳಗೆ ಬೆಚ್ಚಗಿತ್ತು. ಮೋಟರಿನ ಬಿಸಿ ಅದಲ್ಲ. ಹೊಲಿಗೆ ಒಂದು ಬೆರಳು ಬಿಟ್ಟಿರಬಹುದು, ಓಣಿಯ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಹನ್ನೊಂದು ತಾಯಂದಿರೂ ಒಟ್ಟಿಗೆ, ಗಂಟಲಿನ ತಳದಿಂದ, ಗುರ್ ಎಂದರು.

ನಾನು ಕೈ ಬಿಟ್ಟೆ.

ಎಲ್ಲರೂ ಉಣ್ಣುವುದೊಂದೇ ದಾರಿ ಎಂದು ಮಾವ ತೀರ್ಮಾನ ಕೊಟ್ಟ. ಹೇಳುವುದು ಸುಲಭ. ಮನೆಯ ಅಕ್ಕಿ, ಹಿಟ್ಟು, ಉಪ್ಪಿನಕಾಯಿ ಎಲ್ಲದರಲ್ಲೂ ತಾಯಂದಿರ ಕೈವಾಸನೆ. ಅಂಗಡಿಯಿಂದ ಹೊಸದಾಗಿ ತರಬೇಕು. ಒಲೆ ಹಚ್ಚಲು ಬರದೆ ಮೇಷ್ಟ್ರು ಹುಬ್ಬು ಸುಟ್ಟುಕೊಂಡರು. ಒಬ್ಬ ಉಪ್ಪಿಟ್ಟಿಗೆ ರವೆ ಎಂದು ಸೋಪಿನ ಪುಡಿ ಹಾಕಿ, ಅದನ್ನೇ ಕಣ್ಣು ಮುಚ್ಚಿ ನುಂಗಿದ. ಯಂತ್ರ ಮನೆಯಿಂದ ಮನೆಗೆ ಉರುಳಿ ಬಾಯಿ ಮೂಸುವುದು, ಮೀಟರು ಒಂದು ಇಳಿಯುವುದು. ಮೂರೂವರೆ ಗಂಟೆಯ ಹೊತ್ತಿಗೆ ಮೀಟರು ಮೂರಕ್ಕೆ ಬಂತು. ನಾನು, ಶೇಂಗಾ, ಇನ್ನೊಬ್ಬರು.

ಅಷ್ಟು ಹೊತ್ತೂ ನಾನು ಅಂಗಿಯೊಳಗೆ ಕೈಯಿಟ್ಟುಕೊಂಡೇ ತಗಡು ಕೊಯ್ಯಲು ಗರಗಸ ಹಿಡಿದು ಒದ್ದಾಡಿದ್ದೆ. ಎರಡು ಸಲ ಬೆಲ್ಲದ ನೀರು ಸವರಿದ್ದೆ. ಈಗ ಶೇಂಗಾದ ಮೈ ತಣ್ಣಗೆ. ಕತ್ತು ನನ್ನ ಬೆರಳ ಮೇಲೆ ಜೋತುಬಿದ್ದಿತ್ತು. ನಾನು ಗರಗಸ ಬಿಸಾಕಿ, ಹೊಸ ಪಾತ್ರೆಯಲ್ಲಿ, ಅಂಗಡಿಯ ರಾಗಿ ಹಿಟ್ಟಿನಲ್ಲಿ ಗಂಜಿ ಕಾಯಿಸಿದೆ. ಮೊದಲಿನ ಸಲ ಗಂಟು, ಎರಡನೇ ಸಲ ಸೀದಿತು, ಮೂರನೆಯದು ಬೆಲ್ಲ ಹಾಕಿ ನೀರಿನಂತೆ. ಒಂದು ಬೆರಳು ನಾನು ನೆಕ್ಕಿದೆ, ಒಂದು ಬೆರಳು ಶೇಂಗಾದ ತುಟಿಗೆ ಇಟ್ಟೆ. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಅಕ್ಕಿಕಾಳಿನಷ್ಟು ಒಂದು ನಾಲಿಗೆ ಹೊರಬಂತು. ಒಂದು ಸಲ. ಇನ್ನೊಂದು ಸಲ. ನನ್ನ ಹೆಗಲ ಹಿಂದೆ ಹುಸ್ ಎಂದಿತು. ಯಂತ್ರ ಇಬ್ಬರನ್ನೂ ಮೂಸಿತು. ಮೀಟರು ಒಂದು.

ಎರಡು ಸಲ ನೆಕ್ಕಿದ್ದರಿಂದ ಅದು ಬದುಕುವುದಿಲ್ಲ. ಪಿಂಕಿ ಬರಲೇಬೇಕು. ನಾನು ಮಾವನ ಮನೆಗೆ ನುಗ್ಗಿದೆ. ಮಾವ ಅಡಿಗೆಮನೆಯ ಮೂಲೆಯಲ್ಲಿ, ನೀಲಮ್ಮಜ್ಜಿ ಕೂರುವ ಮಣೆಯ ಪಕ್ಕದಲ್ಲಿ ಕಾಲು ಮಡಚಿ ಕೂತಿದ್ದ.

"ಉಣ್ಣು ಮಾವ."

"ಹಸಿವಿಲ್ಲ."

"ಮೀಟರು ಒಂದಕ್ಕೆ ನಿಂತೈತಿ. ಆ ಒಂದು ನೀನು."

"ಲೂಸ್ ಕಾಂಟ್ಯಾಕ್ಟು."

ಮೂವತ್ತೈದು ವರ್ಷದ ಫಿಟ್ಟರು, ಅವ್ವನ ಕೈತುತ್ತಿಲ್ಲದೆ ಬಾಯಿ ತೆರೆಯೋಕೆ ಬರಲ್ವ ನಿಂಗೆ ಎಂದು ಬಾಯಿಗೆ ಬಂದಂತೆ ಬೈದೆ. ಮಾವ ಅಜ್ಜಿಯ ಮಣೆಯನ್ನು ಅಂಗೈಯಿಂದ ಒರೆಸಿದ.

"ಅರವತ್ಮೂರು ವರ್ಷ ಆತಲೇ ಕೊಟ್ರ," ಎಂದ. "ಆಕೀಗೆ ಕಣ್ಣು ಕಾಣಲ್ಲ, ಕಿವಿ ಕೇಳಲ್ಲ. ರೊಟ್ಟಿ ಮುರಿದು ನನ್ ಬಾಯಿಗೆ ಇಡೋದೊಂದು ಗೊತ್ತೈತಿ. ನಾನೇ ಉಂಡುಬಿಟ್ರೆ, ಆಕೀಗೆ ನನ್ ಹತ್ರ ಬರೋಕೆ ಇನ್ನೇನು ಕೆಲ್ಸ ಇರ್ತೈತಿ?"

ಅಂಗಿಯೊಳಗಿಂದ ಶೇಂಗಾನನ್ನು ತೆಗೆದು ಅವನ ಅಂಗೈಯಲ್ಲಿಟ್ಟೆ. "ಮುಟ್ಟಿ ನೋಡು," ಎಂದೆ.

ವೆಲ್ಡಿಂಗ್ ಕಿಡಿ ಸಿಡಿದು ಕಲೆಯಾದ ಆ ಅಂಗೈಯಲ್ಲಿ ಶೇಂಗಾ ಅಲುಗಲಿಲ್ಲ. ಮಾವ ಅದನ್ನು ನೋಡಿದ. ಬಾಗಿಲಾಚೆ ಸಾಲಿನ ಕೊನೆಯಲ್ಲಿ ನಿಂತಿದ್ದ ನೀಲಮ್ಮಜ್ಜಿಯ ಬೆನ್ನನ್ನು ನೋಡಿದ. ಆಮೇಲೆ ನನ್ನ ಪಾತ್ರೆಯನ್ನು ಎಳೆದುಕೊಂಡು, ನಾಲ್ಕೂ ಬೆರಳು ಅದ್ದಿ ಬಾಯಿಗಿಟ್ಟುಕೊಂಡ. ಗಂಜಿ ಗಡ್ಡದ ಮೇಲೆಲ್ಲ ಇಳಿಯಿತು. ಯಂತ್ರ ಬಂದು ಮೂಸಿತು. ಸ್ಪಂಜಿನಿಂದ ಗಡ್ಡ ಒರೆಸಿತು. ಮೀಟರು ಟಣ್ ಎಂದು ಸೊನ್ನೆಗೆ ಬಿತ್ತು. ಹಾರ್ಮೋನಿಯಂ ಉದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟು, ಕೌದಿ ಸಮನಾಯಿತು.

ಪಿಂಕಿ ಬಾಣದಂತೆ ಬಂದಳು. ನಾಲ್ಕು ಮರಿಗಳು ಎದುರು ಓಡಿದವು. ಗುರ್ ಎಂದಳು. ಅವು ಕೂತುಬಿಟ್ಟವು. ಶೇಂಗಾನನ್ನು ಮಾತ್ರ ಮೂಸಿ, ಅಡಿಯಿಂದ ಮುಡಿಯವರೆಗೆ ನೆಕ್ಕಿ, ಮಾವನ ಅಡಿಗೆಮನೆಯಲ್ಲೇ ಮಗ್ಗುಲಾದಳು. ನಾನು ಶೇಂಗಾದ ಬಾಯಿಯನ್ನು ಮೊಲೆಗೆ ಹಿಡಿದೆ. ಬಹಳ ಹೊತ್ತಿನ ಮೇಲೆ ಚಪ್ ಎಂಬ ಸಣ್ಣ ಸದ್ದು ಬಂತು. ನಾನು ಗೋಡೆ ಕಡೆ ಮುಖ ಮಾಡಿ ಮೂಗು ಒರೆಸಿಕೊಂಡೆ.

ತಾಯಂದಿರೂ ಬಂದರು. ಏನಾಯಿತೆಂದು ಒಬ್ಬರಿಗೂ ನೆನಪಿಲ್ಲ. ನೀಲಮ್ಮಜ್ಜಿ ಗೋಡೆ ತಡವಿಕೊಂಡು ಒಳಗೆ ಬಂದು, ಮಗನ ಗಡ್ಡ ಮುಟ್ಟಿ ನೋಡಿ, "ಉಂಡ್ಯಾ?" ಎಂದಳು. ಹೂಂ ಎಂದ. "ಹಂಗಾರೆ ಸರಿ," ಎಂದವಳು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿ, ಮರುಕ್ಷಣವೇ ಗೊರಕೆ ಹೊಡೆದಳು. ಮಾವ ಸಂಜೆಯವರೆಗೆ ಕಾಲು ಅಲುಗಿಸಲಿಲ್ಲ.

ನಾನು ಮನೆಗೆ ಹೋಗಿ, ಈ ರಾಮಾಯಣವೆಲ್ಲ ಮುಗಿಯಿತಲ್ಲ ಎಂದು, ತಟ್ಟೆ ಹಾಕಿಕೊಂಡು ಅವ್ವನ ಮುಂದೆ ಕೂತೆ. ಅವ್ವ ಮಧ್ಯಾಹ್ನದಿಂದ ಕೈಯಲ್ಲಿದ್ದ ಆ ರೊಟ್ಟಿಯನ್ನು ತಾನೇ ಮುರಿದು ತಿನ್ನುತ್ತಿದ್ದಳು. ನಾನು ಕೈ ಚಾಚಿದೆ. ಅವಳು ತಲೆ ಎತ್ತಲಿಲ್ಲ. ಗಂಟಲಿನ ತಳದಿಂದ ಒಂದು ಸದ್ದು ಮಾತ್ರ ಮಾಡಿದಳು.

ಈಗ ತಿಂಗಳು ಎರಡಾಯಿತು. ಶೇಂಗಾ ನನ್ನ ಚಪ್ಪಲಿ ತಿನ್ನುವಷ್ಟು ಗಟ್ಟಿಯಾಗಿದೆ. ಓಣಿಯಲ್ಲಿ ಹನ್ನೆರಡು ಗಂಡಸರು ಹನ್ನೊಂದು ಒಲೆ ಹಚ್ಚುತ್ತೇವೆ. ನಾನು ಸಾರು ಮಾಡಲು ಕಲಿತಿದ್ದೇನೆ. ಅವ್ವ ಉಂಡು ಏನೂ ಅನ್ನುವುದಿಲ್ಲ. ಉಪ್ಪು ಹೆಚ್ಚಾದ ದಿನ ಮಾತ್ರ ಅವಳ ತಲೆ ಸ್ವಲ್ಪ ಓರೆಯಾಗುತ್ತದೆ, ನನ್ನ ದವಡೆ ಹಲ್ಲು ಜುಮ್ಮೆನ್ನುತ್ತದೆ.