ಕೊಳ ಮಹಡಿ ಹತ್ತಿದ ದಿನ

ನಾನು ಓದು ನಿಲ್ಲಿಸಿದ್ದು ೧೯೫೬ರಲ್ಲಿ, ಏಳನೇ ಕ್ಲಾಸಿನ ನಡುವೆ. ಆಮೇಲೆ ಕಲಿತದ್ದೆಲ್ಲ ನೀರಿನ ಮೋಟಾರುಗಳಿಂದ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಸುತ್ತಿಯೇ ಎಂಬತ್ತರ ದಶಕದ ಹೊತ್ತಿಗೆ ಜೆ.ಪಿ. ನಗರದಲ್ಲಿ ಮಹಡಿ ಮನೆ ಕಟ್ಟಿದೆ. ಮನೆಯ ಮುಂದೆ ಕೊಳವನ್ನೂ ಕಟ್ಟಿದೆ. ಡಿಗ್ರಿ ಪಡೆದವರೆಲ್ಲ ಗುಲಾಬಿ ಕುಂಡ ಇಟ್ಟುಕೊಂಡಿದ್ದ ಬೀದಿಯಲ್ಲಿ ನನ್ನದು ತಾವರೆ ಕೊಳ. ಇದನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬರುವುದಿಲ್ಲ.

ಮುಂಗಾರಿಗೆ ಮುಂಚೆ ಕೊಳದ ಕೆಸರು ತೆಗೆಯಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಅದು ಉಕ್ಕಿ, ಕಪ್ಪೆಗಳು ಹೇಳದೆ ಕೇಳದೆ ನಡುಮನೆಗೆ ಬರುತ್ತವೆ. ಒಂದು ವರ್ಷ ಮೋಡ ಕಟ್ಟಿದ ದಿನವೇ ಮಹಡಿಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಶೇಷಾದ್ರಿಯವರ ಮೊಮ್ಮಗುವಿನ ನಾಮಕರಣ. ತಾರಸಿಯ ಮೇಲೆ ಶಾಮಿಯಾನ, ಅಲ್ಲೇ ಅಡುಗೆ, ನೂರು ಜನರ ಊಟ.

"ನಂಜಪ್ಪನವರೇ, ನೀರು ಸಾಲತ್ತಾ?" ಎಂದು ಅವರು ಮುಂಚಿತವಾಗಿಯೇ ಕೇಳಿದ್ದರು.

"ನೀರಿನ ಚಿಂತೆ ನನಗೆ ಬಿಡಿ ಸಾರ್. ಮಾತು ಅಂದ್ರೆ ಮಾತು."

ಮಾತು ಕೊಟ್ಟವನು ಸುಮ್ಮನಿರಬಹುದಿತ್ತು. ಆದರೆ ಬರುವ ನೂರು ಜನ ಪಾಚಿ ಕಟ್ಟಿದ ಕೊಳ ನೋಡಿದರೆ ನನ್ನ ಗೌರವದ ಗತಿ ಏನು? ಅಂದು ಬೆಳಗ್ಗೆ ಎದ್ದವನೇ ಕಾರ್ಯಾರಂಭ ಮಾಡಿದೆ.

ಮೊದಲು ಮೀನುಗಳ ಸ್ಥಳಾಂತರ. ಅವನ್ನು ಬಕೆಟ್ಟಿನಲ್ಲಿ ತಂದು, ನೆಲದಡಿಯ ಸಂಪಿನ ಮುಚ್ಚಳ ತೆಗೆದೆ. ಕಾರ್ಪೊರೇಷನ್ ನೀರು ಬಂದು ಸಂಪು ತುಂಬಿತ್ತು. ಹೆಂಡತಿ ಸರೋಜ ಓಡಿ ಬಂದಳು.

"ರೀ, ಅದು ಕುಡಿಯೋ ನೀರು ಕಣ್ರೀ."

"ನಮ್ಮ ಬಿಳೇಕಹಳ್ಳಿ ಬಾವೀಲಿ ಮೀನಿರ್ಲಿಲ್ವಾ? ಹುಳ ತಿಂದು ನೀರು ಶುದ್ಧ ಮಾಡ್ತವೆ. ನಿಂಗೆ ಗೊತ್ತಾಗಲ್ಲ."

"ಬಕೆಟ್ಟಲ್ಲೇ ಇಟ್ರೆ ಏನಾಗತ್ತೆ?"

"ಅವಕ್ಕೆ ಸೆಕೆ ಆಗತ್ತೆ."

ಮುಂದಿನದು ಕೊಳ ಖಾಲಿ ಮಾಡುವುದು. ಬಕೆಟ್ಟಿನಲ್ಲಿ ಮೊಗೆದು ಹಾಕುವುದು ಓದಿದವರ ಪದ್ಧತಿ. ನಾನು ಸಂಪಿನ ಮೋಟಾರಿನಿಂದ ನೀರೆಳೆಯುವ ಪೈಪನ್ನು ಬಿಚ್ಚಿ, ಬೇರೊಂದು ಪೈಪು ಸಿಕ್ಕಿಸಿ, ಅದರ ತುದಿಯನ್ನು ಕೊಳಕ್ಕೆ ಇಳಿಬಿಟ್ಟು ಸ್ವಿಚ್ ಒತ್ತಿದೆ. ಕೊಳ ಸರಸರನೆ ಇಳಿಯತೊಡಗಿತು. ಕುರ್ಚಿ ಹಾಕಿಸಿಕೊಂಡು ಕುಳಿತೆ.

ಸರೋಜ ಕಾಫಿ ತಂದಳು. ಕೊಳ ನೋಡಿದಳು. ಕಾಂಪೌಂಡಿನ ಮೋರಿ ನೋಡಿದಳು. ಮೋರಿ ಒಣಗಿತ್ತು.

"ರೀ, ಆ ನೀರೆಲ್ಲ ಎಲ್ಲಿಗೆ ಹೋಗ್ತಿದೆ?"

ನೀರೆಳೆಯುವ ಪೈಪನ್ನು ಬದಲಾಯಿಸಿದ್ದೆ. ನೀರು ಬಿಡುವ ಪೈಪನ್ನು ಮುಟ್ಟಿರಲಿಲ್ಲ. ಅದು ಎಂದಿನಂತೆ ನಿಷ್ಠೆಯಿಂದ ತಾರಸಿಯ ಟ್ಯಾಂಕಿಗೆ ಹೋಗುತ್ತಿತ್ತು.

ಸ್ವಿಚ್ಚಿನ ಕಡೆ ಹಾರಿದೆ. ಆ ಶ್ರಮ ಬೇಕಿರಲಿಲ್ಲ. ಕೆಸರು ನುಂಗಿದ ಮೋಟಾರು ಒಮ್ಮೆ ಗೊರಗೊರ ಎಂದು, ಹೊಗೆ ಬಿಟ್ಟು, ತಾನಾಗಿಯೇ ನಿಂತಿತು. ಅಷ್ಟರಲ್ಲಿ ಅಡುಗೆ ಭಟ್ಟರು ಸೌಟು ಹಿಡಿದು ಮೆಟ್ಟಿಲಿಳಿದು ಬಂದರು. ಸೌಟಿನಲ್ಲಿ ಹಸಿರು ನೀರು, ನೀರಿನಲ್ಲಿ ಬಾಲ ಆಡಿಸುವ ಕಪ್ಪೆಮರಿ. ನನ್ನ ಮೋಟಾರನ್ನು ದಾಟಿಯೂ ಅದು ಜೀವಂತವಿತ್ತು. ಕೆಲಸದ ಗುಣಮಟ್ಟ ಹಾಗಿತ್ತು.

"ಯಜಮಾನ್ರೇ, ಇದನ್ನ ಸಾರಿಗೆ ಹಾಕೋದೋ, ಹುಳಿಗೋ?"

ಅವರ ಹಿಂದೆಯೇ ಶೇಷಾದ್ರಿಯವರು, ಅವರ ಹಿಂದೆ ಅರ್ಧ ಸ್ನಾನದಲ್ಲಿ ಎದ್ದು ಬಂದ ಅವರ ತಾಯಿ.

"ನಂಜಪ್ಪನವರೇ, ಮಾತು ಅಂದ್ರೆ ಮಾತು ಅಂದಿದ್ರಿ," ಎಂದರು ಶೇಷಾದ್ರಿ, ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು.

"ಸಂಪಲ್ಲಿ ನೀರಿದೆ ಸಾರ್."

ಅಜ್ಜಿ ಸಂಪಿಗೆ ಬಗ್ಗಿ ನೋಡಿದರು. ಒಂದು ಮೀನು ಮೇಲೆ ಬಂದು ಅವರನ್ನು ನೋಡಿತು. ಅಷ್ಟು ಹೊತ್ತಿಗೆ ಗೇಟು ತೆಗೆದು ಒಳಗೆ ಬಂದ ಪುರೋಹಿತರಿಗೆ ಸಂಗತಿ ತಿಳಿಸಲಾಯಿತು.

"ಗಂಗೇಲಿ ಮೀನಿಲ್ವೇನಮ್ಮ? ಅಡ್ಡಿಯಿಲ್ಲ," ಎಂದರು ಅವರು.

"ಗಂಗೆಗೆ ಯಾರೂ ಮುಚ್ಚಳ ಹಾಕಿಲ್ಲ," ಎಂದರು ಅಜ್ಜಿ. ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು: "ಹಗ್ಗ ಕಟ್ಟಿ ಕೈಯಲ್ಲಿ ಸೇದಿ, ಬಟ್ಟೇಲಿ ಸೋಸಿ ಕೊಟ್ರೆ ಬಾವಿ ನೀರು ಅಂತ ಒಪ್ಕೋತೀನಿ. ಸೇದೋರು ಸ್ನಾನ ಮಾಡಿರ್ಬೇಕು."

ಸ್ನಾನ ಮಾಡಿದೆ. ಪಂಚೆಗೆ ಕಚ್ಚೆ ಹಾಕಿದೆ. ಸೇದಿದೆ, ಸೋಸಿದೆ, ಹೆಗಲ ಮೇಲೆ ಕೊಡ ಹೊತ್ತು ತಾರಸಿಯವರೆಗೆ ಹತ್ತಿದೆ. ಒಲೆಗೆ, ಸ್ನಾನಕ್ಕೆ, ಪೂಜೆಗೆ, ಕೈ ತೊಳೆಯಲಿಕ್ಕೆ. ಮೆಟ್ಟಿಲಲ್ಲಿ ಎದುರಾದ ಜರಿ ಪಂಚೆಯ ನೆಂಟರೊಬ್ಬರು ನನ್ನನ್ನು ತಡೆದರು.

"ಇನ್ನೆರಡು ಕೊಡ ಆಚೆ ಇಡಪ್ಪ. ಅಲ್ಲಾ, ಕಪ್ಪೆ ನೀರನ್ನ ಟ್ಯಾಂಕಿಗೆ ಹತ್ತಿಸಿದ್ನಂತಲ್ಲ, ಯಾರಪ್ಪ ಈ ಮನೆ ಓನರ್ರು?"

"ಊರಲ್ಲಿಲ್ಲ ಸಾರ್," ಎಂದೆ.

ಮುಹೂರ್ತಕ್ಕೆ ಸರಿಯಾಗಿ ಮಗುವಿಗೆ ಹೆಸರಿಟ್ಟರು. ನನ್ನ ಮಾತು ಉಳಿಯಿತು. ಸೊಂಟ ಉಳಿಯಲಿಲ್ಲ. ಊಟದ ಕೊನೆಯ ಪಂಕ್ತಿ ಏಳುವಾಗ ಮಳೆ ಸುರಿದು, ಕೆಸರು ತೆಗೆಯದ ಕೊಳ ಮತ್ತೆ ತುಂಬಿತು. ಟ್ಯಾಂಕು ತೊಳೆಯಲು ಸರೋಜ ಕೂಲಿಯವರನ್ನು ಕರೆಸಿದಳು. ನನ್ನನ್ನು ಕೇಳಲಿಲ್ಲ.

ಈಗ ನನ್ನ ಹತ್ತಿರ ಇರುವುದಿಷ್ಟು: ಅಂಗಡಿ ಒಂದು, ಮನೆ ಒಂದು, ಹೆಂಡತಿ ಒಬ್ಬಳು, ಮೋಟಾರು ಎರಡು, ಸಂಪಿಗೊಂದು ಕೊಳಕ್ಕೊಂದು. ಮೀನು ಎಷ್ಟೆಂದು ಹೇಳಲಾರೆ. ಸಂಪಿನಿಂದ ಅವನ್ನು ಹಿಡಿಯಲು ನನಗೆ ಆಗಲಿಲ್ಲ. ಅಲ್ಲೇ ಸಂಸಾರ ಹೂಡಿವೆ. ಬಾಡಿಗೆ ಕೊಡುವುದಿಲ್ಲ.