ಗ್ರಂಥಾಲಯದ ನೆಲದ ಮೇಲೆ ಕೊಬ್ಬರಿ ಕರ್ನಾಟಕ

ನನಗೆ ಉತ್ಸಾಹ ಬಂತೆಂದರೆ ಮನೆಯವರೆಲ್ಲ ಹುಷಾರಾಗಿಬಿಡುತ್ತಾರೆ. ಹಿಂದೊಮ್ಮೆ ಇದೇ ಉತ್ಸಾಹದಲ್ಲಿ ನಮ್ಮೂರ ಗ್ರಂಥಾಲಯದ ಬೆಂಚುಗಳಿಗೆ ನಾನೇ ಹಸಿರು ಬಣ್ಣ ಬಳಿದು, ಒಣಗುವ ಮೊದಲೇ ಬಾಗಿಲು ತೆರೆದಿದ್ದೆ. ನಮ್ಮ ಓದುಗರು ಯಾರು ಯಾರೆಂದು ಆ ವಾರವೆಲ್ಲ ಊರಿಗೆ ಹಿಂದಿನಿಂದಲೇ ಗೊತ್ತಾಗುತ್ತಿತ್ತು. ಒಟ್ಟು ನಾಲ್ಕು ಜನ.

ಕಿಬ್ಬನಹಳ್ಳಿಯ ಒಳರಸ್ತೆಯಲ್ಲಿರುವ ಆ ಗ್ರಂಥಾಲಯದ ಮೇಲ್ವಿಚಾರಕ ನಾನು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು ಐವತ್ತು ವರ್ಷವಾಯಿತು, ನಾಡಿನ ಇತಿಹಾಸದ ಕಾರ್ಯಕ್ರಮ ಮಾಡಿ ಎಂದು ಮೇಲಿನಿಂದ ಪತ್ರ ಬಂದಾಗ ಕುರ್ಚಿಯಿಂದ ಎದ್ದೇ ನಿಂತೆ. ನೋಡಲು ಜಿಲ್ಲಾ ಗ್ರಂಥಾಲಯದ ಸಾಹೇಬರೂ ಬರುವವರಿದ್ದರು! ಅವರ ಕಣ್ಣೆದುರು ಊರೆಲ್ಲ ಬಂದು ಸೇರಬೇಕು, ಈ ಸೋರುವ ಕೋಣೆಯ ಬದಲು ಹೊಸದು ಬೇಕೆಂದು ಅವರು ಬರೆಯಬೇಕು. ನನ್ನ ಆಸೆ ಅಷ್ಟೇ.

ಭಾಷಣಕ್ಕೆ ಕರೆದರೆ ನಮ್ಮೂರವರು ಬರುವುದಿಲ್ಲ. ಅವರ ಸಾಮಾನು ನಮ್ಮಲ್ಲಿದ್ದರೆ ಕಾಯಲಿಕ್ಕಾದರೂ ಬರುತ್ತಾರೆ. ಹಾಗಾಗಿ ಮನೆಗೆ ಹತ್ತರಂತೆ ಉಂಡೆ ಕೊಬ್ಬರಿ ಕೇಳಿ ತಂದು, ನೆಲದ ಮೇಲೆ ಕರ್ನಾಟಕದ ನಕ್ಷೆ ಜೋಡಿಸಿದೆ. ಬೀದರಿನಿಂದ ಚಾಮರಾಜನಗರದವರೆಗೆ ಮಂಡಿಯಲ್ಲೇ ಪ್ರವಾಸ. ಮುಗಿಸಿ ಸ್ಟೂಲು ಹತ್ತಿ ನೋಡಿದರೆ, ಆಹಾ, ಕಣ್ಣು ತುಂಬಿ ಬಂತು.

ಹೂವಿನ ಹಾರ ತರಲು ಹೋಗಿ ಬರುವಷ್ಟರಲ್ಲಿ ಗ್ರಂಥಾಲಯ ಭರ್ತಿಯಾಗಿತ್ತು! ಎದೆಯುಬ್ಬಿಸಿ ಒಳಗೆ ಕಾಲಿಟ್ಟರೆ ಕರ್ನಾಟಕವೇ ಇಲ್ಲ. ಅದರ ಜಾಗದಲ್ಲಿ ನಾಲ್ಕು ಗುಡ್ಡೆ: ದಪ್ಪ, ಮಧ್ಯಮ, ಸಣ್ಣ, ಮತ್ತೆ ಕೆಟ್ಟು ವಾಸನೆ ಹೊಡೆಯುವ ಕೌಟು.

"ಏನ್ರೀ ಮಾಡಿದ್ರಿ!" ಎಂದು ಕೂಗಿಕೊಂಡೆ.

ಕೊಬ್ಬರಿ ವ್ಯಾಪಾರದ ಗಂಗಣ್ಣ ತಲೆಯೆತ್ತದೆ, "ನೀನು ಎಲ್ಲಾ ಒಂದ್ರಲ್ಲೇ ಬೆರೆಸಿಟ್ಟಿದ್ದೆ ಕಣಪ್ಪ. ಸುಮ್ಕೆ ಕೂತಿದ್ವಲ್ಲ, ಆರ್ಸಿ ಕೊಟ್ವಿ. ನಿನ್ ಕೆಲ್ಸ ಹಗುರಾಯ್ತು ಬುಡು" ಎಂದರು.

ಭಾಷಾವಾರು ಪ್ರಾಂತ್ಯ ರಚನೆಗೆ ಹಿರಿಯರು ವರ್ಷಗಟ್ಟಲೆ ಹೋರಾಡಿದರು. ನಮ್ಮವರು ಹತ್ತೇ ನಿಮಿಷದಲ್ಲಿ ಗಾತ್ರವಾರು ಪ್ರಾಂತ್ಯ ರಚನೆ ಮುಗಿಸಿದ್ದರು. ಬುದ್ಧಿ ಬೇಡವೇ, ಕಂಡದ್ದನ್ನೆಲ್ಲ ಆರಿಸುತ್ತಾ ಕೂರುತ್ತೀರಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಪಾಪ, ಎಲ್ಲರೂ ಮತ್ತೆ ಜೋಡಿಸಲು ಕೂತರು. ಕಂದಿಕೆರೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಪುಟ್ಟಮ್ಮ, "ಬಳ್ಳಾರಿ ಇನ್ನೂ ಮ್ಯಾಲಕ್ಕೆ ಕಣ್ರೀ, ನಮ್ಮಣ್ಣ ಅಲ್ಲಿಗೆ ಲಾರಿ ಓಡಿಸ್ತಾನೆ" ಎಂದರು. ಹಳೇ ಮೈಸೂರು ಎಲ್ಲಿಗೆ ಮುಗೀತಿತ್ತು ಎಂದು ಗಂಗಣ್ಣ ಕೇಳಿದಾಗ ದಪ್ಪನೆಯ ಪುಸ್ತಕವೊಂದನ್ನು ತೆಗೆದುಕೊಟ್ಟೆ. ಹತ್ತಾರು ತಲೆ ಅದರ ಮೇಲೆ ಬಾಗಿದವು. ಅದೇ ಗಳಿಗೆಗೆ ಸಾಹೇಬರು ಬಂದರು!

"ಇಷ್ಟೊಂದು ಜನ ಒಂದೇ ಪುಸ್ತಕಕ್ಕೆ ಮುಗಿಬಿದ್ದಿದ್ದು ನಾನೆಲ್ಲೂ ನೋಡಿಲ್ಲ ಕಣ್ರೀ" ಎಂದು ಖುಷಿಯಾಗಿ, ಉಳಿದ ಇತಿಹಾಸದ ಪುಸ್ತಕ ನೋಡಲು ತಾವೇ ಕಪಾಟು ತೆರೆದರು. ಇತಿಹಾಸದ ಪಕ್ಕ ಅಡುಗೆ, ಅಡುಗೆಯ ಪಕ್ಕ ಕಾನೂನು. "ಇದು ಯಾವ ಕ್ರಮ?" ಎಂದರು.

ಗಂಗಣ್ಣ ನನ್ನ ಹೆಗಲ ಮೇಲಿಂದ ಇಣುಕಿದರು. "ಸರಿಯಾಗೇ ಐತಲ್ಲ ಸಾರ್. ದಪ್ಪಂದು ಮ್ಯಾಲೆ, ಮಧ್ಯಮದ್ದು ನಡುವೆ, ಸಣ್ಣದು ಕೆಳಕ್ಕೆ. ಹರಿದೋದ್ ಕೌಟು ಬ್ಯಾರೆ ಐತೆ."

ಸಾಹೇಬರು ನಗುತ್ತಲೇ ಸಂದರ್ಶಕರ ಪುಸ್ತಕದಲ್ಲಿ ಎರಡು ಸಾಲು ಬರೆದರು. ಹೊಸ ಕೋಣೆ ಅಗತ್ಯವೆಂಬ ಮೊದಲ ಸಾಲನ್ನು ಊರವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಎರಡನೆಯದು ಪುಸ್ತಕ ಜೋಡಿಸಲು ನನಗೆ ತರಬೇತಿ ಕೊಡಿಸುವ ವಿಚಾರ. ಅದನ್ನು ಓದಲು ಹೋಗದೆ ಪುಸ್ತಕ ಮುಚ್ಚಿ, ಮಧ್ಯಮದ ಸಾಲಿನಲ್ಲಿ ಇಟ್ಟೆ.